ಎರೋಲ್ ಮಾರಿಸ್: ನಟರನ್ನಿಟ್ಟು ಕೊಲೆ ತೋರಿಸಿದರೆ ಅದು ಸಾಕ್ಷ್ಯಚಿತ್ರ ಹೇಗಾಗುತ್ತೆ?

ಹಿತ್ತಲಗಿಡ
ಅಮೆರಿಕದ ನಿರ್ದೇಶಕ ಎರೋಲ್ ಮಾರಿಸ್ ಅವರ ಸಾಕ್ಷ್ಯಚಿತ್ರ ‘ದಿ ಥಿನ್ ಬ್ಲೂ ಲೈನ್’ ನೋಡಿದೆ. 1988ರ ಚಿತ್ರ. ಡಲ್ಲಾಸ್‌ನಲ್ಲಿ ಒಬ್ಬ ಪೊಲೀಸನ ಕೊಲೆ, ತಪ್ಪು ಮನುಷ್ಯನಿಗೆ ಮರಣದಂಡನೆ, ಚಿತ್ರ ಬಂದ ಮರುವರ್ಷವೇ ಆತನ ಬಿಡುಗಡೆ. ಇದೆಲ್ಲಾ ನಿಜವಾಗಿ ನಡೆದದ್ದು ಅಂತ ನೆನೆಸಿಕೊಂಡರೇ ಮೈ ಜುಂ ಅನ್ನುತ್ತೆ.

ಆದರೆ ಒಂದು ಕಿರಿಕಿರಿ. ಕೊಲೆಯ ದೃಶ್ಯವನ್ನು ನಟರನ್ನಿಟ್ಟು ತೆಗೆದಿದ್ದಾರೆ. ಅದೂ ಒಂದು ಸಲ ಅಲ್ಲ, ಮತ್ತೆ ಮತ್ತೆ. ಮಿಲ್ಕ್‌ಶೇಕ್ ಲೋಟ ನಿಧಾನಕ್ಕೆ ಗಾಳಿಯಲ್ಲಿ ತಿರುಗಿ ರಸ್ತೆಗೆ ಬೀಳುತ್ತೆ, ಹಿಂದೆ ಫಿಲಿಪ್ ಗ್ಲಾಸ್ ಸಂಗೀತ. ನಮ್ಮ ಟೀವಿಯ ಕ್ರೈಮ್ ಕಾರ್ಯಕ್ರಮಗಳಲ್ಲಿ ಮಚ್ಚು ಹಿಡಿದು ಓಡುವ ನಟರನ್ನು ತೋರಿಸ್ತಾರಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಇವರ ಬೇರೆ ಚಿತ್ರಗಳನ್ನು ನೋಡಿರುವವರು ಹೇಳಿ. ಮುಂದೆ ಯಾವುದನ್ನು ನೋಡಬೇಕು ಅಂತಲೂ ತಿಳಿಸಿ.

ಮೊಂಡುವಾದಿ
ವ್ಯತ್ಯಾಸ ಬಜೆಟ್‌ನದ್ದು ಅಷ್ಟೇ. ಕ್ಯಾಮೆರಾ ಮುಂದೆ ಆಗಿದ್ದನ್ನು ಹಿಡಿಯೋದು ಸಾಕ್ಷ್ಯಚಿತ್ರ. ಆಗದೇ ಇದ್ದದ್ದನ್ನು ಆಡಿಸಿ ಹಿಡಿದರೆ ಅದು ಸಿನಿಮಾ. ಆಸ್ಕರ್‌ನವರೂ ಆ ವರ್ಷ ಇದಕ್ಕೆ ಸಾಕ್ಷ್ಯಚಿತ್ರ ವಿಭಾಗದಲ್ಲಿ ನಾಮನಿರ್ದೇಶನವನ್ನೇ ಕೊಡಲಿಲ್ಲ. ಹಂಚಿಕೆದಾರರೂ ಜಾಹೀರಾತಿನಲ್ಲಿ ಇದನ್ನು ಸಾಕ್ಷ್ಯಚಿತ್ರ ಅಂತ ಕರೆಯೋಕೆ ಹಿಂಜರಿದರು. ಇನ್ನೇನು ಬೇಕು?

ಎಡಿಟ್_ರೂಮಿನವ
ಮೊಂಡು ಅವರೇ, ಸ್ವಲ್ಪ ತಾಳಿ. ನಾನು ಒಂದು ಚಾನೆಲ್‌ನಲ್ಲಿ ಹಿತ್ತಲಗಿಡ ಅವರು ಹೇಳಿದಂಥ ಮರುಸೃಷ್ಟಿಗಳನ್ನೇ ಕತ್ತರಿಸಿ ಜೋಡಿಸಿ ಹೊಟ್ಟೆ ಹೊರೆದವನು. ನಾವು ಮಾಡ್ತಿದ್ದದ್ದು ಏನು? ಪೊಲೀಸರು ‘ಹೀಗಾಯಿತು’ ಅಂದರೆ ಹಾಗೇ ನಟರ ಕೈಲಿ ಮಾಡಿಸುವುದು. ನೋಡುವವರ ತಲೆಯಲ್ಲಿ ಅದೇ ಕೂತುಬಿಡುತ್ತೆ. ಆಮೇಲೆ ಕೋರ್ಟು ಆರೋಪಿಯನ್ನು ಬಿಟ್ಟರೂ ಜನ ಬಿಡೋದಿಲ್ಲ.

ಮಾರಿಸ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ಆ ಕೊಲೆಯ ದೃಶ್ಯ ಬಂದಾಗಲೆಲ್ಲ ಗಮನಿಸಿ, ಪ್ರತಿ ಸಲವೂ ಬೇರೆ ಇರುತ್ತೆ. ಒಬ್ಬ ಸಾಕ್ಷಿ ಕಾರಿನಲ್ಲಿ ಇಬ್ಬರಿದ್ದರು ಅಂದರೆ ಇಬ್ಬರು ಕಾಣುತ್ತಾರೆ. ಒಬ್ಬನೇ ಅಂದರೆ ಒಬ್ಬನೇ. ಜೊತೆಗಿದ್ದ ಪೊಲೀಸ್ ಹೆಂಗಸು ಕಾರಿನಿಂದ ಇಳಿದು ನಿಂತಿದ್ದರಾ, ಒಳಗೇ ಮಿಲ್ಕ್‌ಶೇಕ್ ಕುಡೀತಾ ಕೂತಿದ್ದರಾ ಅನ್ನೋದೂ ಬದಲಾಗುತ್ತೆ. ಅಂದರೆ ಪರದೆ ಮೇಲೆ ಬರುತ್ತಿರೋದು ಘಟನೆ ಅಲ್ಲ, ಹೇಳಿಕೆ. ಅದರಲ್ಲೂ ಹೆಚ್ಚಿನವು ಸುಳ್ಳು ಹೇಳಿಕೆ. ‘ಇದೇ ನಿಜ’ ಅಂತ ಒಂದನ್ನೂ ಅವರು ತೋರಿಸಿಲ್ಲ. ಕೊನೆಗೆ ನಿಜ ಹೊರಬರುವಾಗ ಪರದೆ ಮೇಲೆ ನಟನೂ ಇಲ್ಲ, ಕಾರೂ ಇಲ್ಲ. ಬರೀ ಒಂದು ಟೇಪ್ ರೆಕಾರ್ಡರ್. ಬೇರೆ ಬೇರೆ ಕೋನದಿಂದ ಅದೊಂದನ್ನೇ ತೋರಿಸ್ತಾ ಹೋಗ್ತಾರೆ.

ಸಿನಿಮಾ_ಪುಟ್ಟಿ
ಆ ಟೇಪಿನ ಕಥೆ ಇನ್ನೂ ಚೆಂದ. ಕೇಸಿನ ಮುಖ್ಯ ಸಾಕ್ಷಿ ಡೇವಿಡ್ ಹ್ಯಾರಿಸ್ ಜೊತೆಗಿನ ಕೊನೇ ಮಾತುಕತೆಯ ದಿನ ಮಾರಿಸ್ ಅವರ ಕ್ಯಾಮೆರಾ ಕೆಟ್ಟು ಕೂತಿತ್ತು. ಅದಕ್ಕೇ ಬರೀ ಧ್ವನಿ. ಗ್ರಹಚಾರಕ್ಕೆ ಆಗಿದ್ದೇ ಚಿತ್ರದ ಅತಿ ದೊಡ್ಡ ದೃಶ್ಯವಾಯಿತು. ಹ್ಯಾರಿಸ್ ‘ನಾನೇ ಕೊಂದೆ’ ಅಂತ ನೇರ ಹೇಳೋದಿಲ್ಲ. ಶಿಕ್ಷೆಯಾದ ಆಡಮ್ಸ್ ನಿರಪರಾಧಿ ಅಂತ ನಿಮಗೆ ಹೇಗೆ ಅಷ್ಟು ಖಾತ್ರಿ ಅಂತ ಕೇಳಿದಾಗ, ಗೊತ್ತಿರೋನು ನಾನೇ ಅಲ್ವಾ ಅನ್ನೋ ಧಾಟಿಯಲ್ಲಿ ಉತ್ತರ ಬರುತ್ತೆ. ಕುರ್ಚಿಯಿಂದ ಎದ್ದುಬಿಟ್ಟಿದ್ದೆ ನಾನು.

ಶರಾವತಿ
ನಾನು ಚಿತ್ರ ನೋಡಿಲ್ಲ. ಕೇಸು ಏನು ಅಂತ ಯಾರಾದರೂ ಮೊದಲಿನಿಂದ ಹೇಳ್ತೀರಾ? ಅರ್ಧ ಮಾತು ತಲೆ ಮೇಲೆ ಹೋಗ್ತಿದೆ.

ಕರಿಕೋಟು
ನಾನು ಹೇಳ್ತೀನಿ ಮೇಡಂ, ವೃತ್ತಿಯಿಂದ ವಕೀಲ. ಈ ಕೇಸನ್ನು ಬಿಡುವಿದ್ದಾಗ ಓದಿಕೊಂಡಿದ್ದೀನಿ.

1976ರ ನವೆಂಬರ್ 28, ನಡುರಾತ್ರಿ ದಾಟಿತ್ತು. ಡಲ್ಲಾಸ್‌ನಲ್ಲಿ ರಾಬರ್ಟ್ ವುಡ್ ಅನ್ನುವ ಪೊಲೀಸ್ ಅಧಿಕಾರಿ ಹೆಡ್‌ಲೈಟ್ ಹಾಕದೆ ಹೋಗುತ್ತಿದ್ದ ಕಾರೊಂದನ್ನು ನಿಲ್ಲಿಸುತ್ತಾರೆ. ಬರೀ ಎಚ್ಚರಿಸಿ ಕಳಿಸೋಣ ಅಂತ. ಚಾಲಕ ಗುಂಡು ಹಾರಿಸಿ ಪರಾರಿ. ಜೊತೆಗಿದ್ದ ಅಧಿಕಾರಿ ಆ ಕಾರು ವೇಗಾ ಅಂತ ನೆನಪಿಟ್ಟುಕೊಂಡಿದ್ದರು. ಅಸಲಿಗೆ ಅದು ಕಾಮೆಟ್. ಪೊಲೀಸರು ಇಲ್ಲದ ಕಾರನ್ನು ಹುಡುಕಿ ಹುಡುಕಿ ಸುಸ್ತಾದರು.

ಆಮೇಲೆ ವೈಡರ್ ಅನ್ನುವ ಸಣ್ಣ ಊರಿನ ಹದಿನಾರರ ಹುಡುಗ ಡೇವಿಡ್ ಹ್ಯಾರಿಸ್ ತನ್ನ ಗೆಳೆಯರ ಮುಂದೆ ‘ಡಲ್ಲಾಸ್ ಪೊಲೀಸನ್ನ ಹೊಡೆದವನು ನಾನೇ’ ಅಂತ ಜಂಬ ಕೊಚ್ಚಿಕೊಂಡ. ಕಾರು ಅವನು ಕದ್ದದ್ದು. ಪಿಸ್ತೂಲು ಅವನ ಅಪ್ಪನದು. ಹಿಡಿದು ಕೇಳಿದಾಗ ರಾಗ ಬದಲಾಯಿಸಿದ. ದಾರಿಯಲ್ಲಿ ಪೆಟ್ರೋಲ್ ಮುಗಿದು ನಿಂತಿದ್ದ ರಾಂಡಲ್ ಡೇಲ್ ಆಡಮ್ಸ್ ಅನ್ನುವವನನ್ನು ಹತ್ತಿಸಿಕೊಂಡಿದ್ದೆ, ಹೊಡೆದದ್ದು ಅವನು ಅಂದ. ಆಡಮ್ಸ್ ಒಹಾಯೋ ಕಡೆಯವನು, ಕೆಲಸ ಹುಡುಕಿ ಬಂದವನು, ಹಿಂದೆ ಯಾವ ಗಲಾಟೆಯೂ ಇಲ್ಲ.

ಈಗ ನೋಡಿ, ಹ್ಯಾರಿಸ್‌ಗೆ ಹದಿನಾರು. ಟೆಕ್ಸಾಸ್ ಕಾನೂನಿನಲ್ಲಿ ಆ ವಯಸ್ಸಿಗೆ ಮರಣದಂಡನೆ ಇಲ್ಲ. ಆಡಮ್ಸ್‌ಗೆ ಉಂಟು. ಪೊಲೀಸ್ ಸತ್ತಿದ್ದಾನೆ, ಯಾರಿಗಾದರೂ ಗಲ್ಲು ಆಗಲೇಬೇಕು ಅನ್ನುವ ಒತ್ತಡ. ಚಿತ್ರ ನೋಡ್ತಾ ನೀವೂ ಅಲ್ಲಿಗೇ ಬಂದು ನಿಲ್ಲುತ್ತೀರಿ. 1977ರಲ್ಲಿ ಆಡಮ್ಸ್‌ಗೆ ಮರಣದಂಡನೆ. 1979ರಲ್ಲಿ ಇನ್ನು ಮೂರೇ ದಿನ ಇದೆ ಅನ್ನುವಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ತಡೆ ಕೊಟ್ಟರು. 1980ರಲ್ಲಿ ಜ್ಯೂರಿ ಆಯ್ಕೆ ಸರಿಯಾಗಿ ಆಗಿಲ್ಲ ಅಂತ ಶಿಕ್ಷೆ ರದ್ದಾಯಿತು. ಹೊಸ ವಿಚಾರಣೆ ಮಾಡುವ ಬದಲು ಗವರ್ನರ್ ಕೈಲಿ ಅದನ್ನು ಜೀವಾವಧಿಗೆ ಇಳಿಸಿಬಿಟ್ಟರು. ಜಾಣತನ! ಮರುವಿಚಾರಣೆಯೇ ತಪ್ಪಿತು.

ಶರಾವತಿ
ಅಯ್ಯೋ ದೇವರೇ. ಸಿನಿಮಾದವರಿಗೆ ಈ ಕೇಸು ಎಲ್ಲಿ ಸಿಕ್ಕಿತು?

ಸಿನಿಮಾ_ಪುಟ್ಟಿ
ಅವರು ಡಲ್ಲಾಸ್‌ಗೆ ಹೋಗಿದ್ದು ಆಡಮ್ಸ್‌ಗಾಗಿ ಅಲ್ಲವೇ ಅಲ್ಲ ಅಕ್ಕ. ಜೇಮ್ಸ್ ಗ್ರಿಗ್ಸನ್ ಅನ್ನುವ ಮನೋವೈದ್ಯನ ಬಗ್ಗೆ ಚಿತ್ರ ಮಾಡೋಕೆ. ಟೆಕ್ಸಾಸ್‌ನಲ್ಲಿ ಮರಣದಂಡನೆ ಕೊಡಬೇಕಾದರೆ ಈತ ಮುಂದೆಯೂ ಹಿಂಸೆ ಮಾಡುತ್ತಾನೆ ಅಂತ ಜ್ಯೂರಿಗೆ ಅನ್ನಿಸಬೇಕು. ಆ ಮಾತು ಹೇಳೋಕೆ ಸರ್ಕಾರಿ ವಕೀಲರು ಕರೆಸುತ್ತಿದ್ದದ್ದು ಇವನನ್ನೇ. ನೂರಕ್ಕೂ ಹೆಚ್ಚು ಕೇಸುಗಳಲ್ಲಿ ಸಾಕ್ಷಿ ಹೇಳಿದ್ದಾನೆ. ಜನ ಇಟ್ಟ ಹೆಸರು ‘ಡಾಕ್ಟರ್ ಡೆತ್’. 1995ರಲ್ಲಿ ಅಮೆರಿಕದ ಮನೋವೈದ್ಯರ ಸಂಘವೇ ಇವನನ್ನು ಹೊರಗೆ ಹಾಕಿತು.

ಆಡಮ್ಸ್ ಚಿತ್ರದಲ್ಲಿ ಹೇಳ್ತಾನೆ: ಈ ವೈದ್ಯ ಬಂದ, ಒಂದಷ್ಟು ಗೆರೆ ಚಿತ್ರ ಕೊಟ್ಟು ಹಾಗೇ ಬಿಡಿಸು ಅಂದ. ಆಮೇಲೆ ಗಾದೆ ಕೇಳಿದ. ಉರುಳುವ ಕಲ್ಲಿಗೆ ಪಾಚಿ ಹಿಡಿಯಲ್ಲ ಅಂದರೆ ಏನರ್ಥ ಅಂತ. ಮುಗೀತು, ಎದ್ದು ಹೋದ. ಅಷ್ಟರಿಂದ ಈ ಮನುಷ್ಯ ಎಂದೂ ಸುಧಾರಿಸಲ್ಲ ಅಂತ ಕೋರ್ಟಿನಲ್ಲಿ ಹೇಳಿದ. ಇವನು ಗುರುತಿಸಿದ ಕೈದಿಗಳನ್ನು ಮಾತಾಡಿಸ್ತಾ ಹೋದಾಗ ಮಾರಿಸ್‌ಗೆ ಸಿಕ್ಕವನೇ ಆಡಮ್ಸ್.

ಮೊಂಡುವಾದಿ
ಒಪ್ಪಿದೆ, ಕಥೆ ಗಟ್ಟಿ. ಆದರೆ ‘ಸಿನಿಮಾ ಬಂತು, ನಿರಪರಾಧಿ ಹೊರಬಂದ’ ಅನ್ನೋದು ಪೋಸ್ಟರಿಗೆ ಬರೆಯೋ ಮಾತು. ಸಿನಿಮಾ ನೋಡಿ ಜಡ್ಜ್ ಬಿಡ್ತಾರಾ?

ಕರಿಕೋಟು
ಇದು ಸರಿಯಾದ ಪ್ರಶ್ನೆ. ಸಿನಿಮಾ ನೋಡಿ ಯಾರೂ ಬಿಡಲ್ಲ. ಚಿತ್ರ ಮಾಡುವ ಹೊತ್ತಿಗೆ ಮಾರಿಸ್ ಹಳೇ ಕಡತ ಕೆದಕಿ ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಹುಡುಕಿ ಮಾತಾಡಿಸಿದ್ದರಲ್ಲ, ಕೆಲಸ ಮಾಡಿದ್ದು ಅದು. ಕಾರಿನಲ್ಲಿ ಹೋಗುವಾಗ ಆಡಮ್ಸ್‌ನನ್ನೇ ಕಂಡೆ ಅಂದ ಒಬ್ಬ ಸಾಕ್ಷಿ ಹೆಂಗಸು ಇದ್ದರು. ಆಕೆಯ ಮೊದಲ ಹೇಳಿಕೆಯಲ್ಲಿ ಇದ್ದ ವರ್ಣನೆ ಆಡಮ್ಸ್‌ಗೆ ಹೊಂದುವುದೇ ಇಲ್ಲ. ಆ ಕಾಗದವನ್ನು ಸರ್ಕಾರಿ ವಕೀಲರು ಪ್ರತಿವಾದಿಗೆ ಕೊಟ್ಟೇ ಇರಲಿಲ್ಲ. ಗುರುತು ಹಿಡಿಯುವ ಪರೇಡಿನಲ್ಲಿ ಆಕೆ ಬೇರೊಬ್ಬನನ್ನು ತೋರಿಸಿದ್ದರು. ಆಮೇಲೆ ಪೊಲೀಸರೇ ಸರಿಯಾದವನು ಯಾರು ಅಂತ ತಿಳಿಸಿದರು ಅಂತ ಮಾರಿಸ್ ಕ್ಯಾಮೆರಾ ಮುಂದೆ ಆಕೆಯೇ ಸಲೀಸಾಗಿ ಹೇಳಿಬಿಟ್ಟರು. ಪಾಟೀಸವಾಲಿನಲ್ಲಿ ನಮಗೆ ಹತ್ತು ವರ್ಷಕ್ಕೊಮ್ಮೆಯೂ ಇಂಥ ಉತ್ತರ ಸಿಗಲ್ಲ.

1988ರ ಕೊನೆಗೆ ಡಲ್ಲಾಸ್‌ನಲ್ಲಿ ಮತ್ತೆ ವಿಚಾರಣೆ ಆಯಿತು. ಹ್ಯಾರಿಸ್ ಬಂದು ತನ್ನ ಹಳೇ ಸಾಕ್ಷ್ಯ ಸುಳ್ಳು ಅಂದ. 1989ರ ಮಾರ್ಚಿನಲ್ಲಿ ಟೆಕ್ಸಾಸ್‌ನ ಮೇಲಿನ ಕೋರ್ಟು ತೀರ್ಪನ್ನು ರದ್ದು ಮಾಡಿತು. ಸರ್ಕಾರ ಕೇಸನ್ನೇ ಕೈಬಿಟ್ಟಿತು. ಹನ್ನೆರಡು ವರ್ಷ ಒಳಗಿದ್ದವನಿಗೆ ಪರಿಹಾರ ಒಂದು ಬಿಡಿಗಾಸೂ ಬರಲಿಲ್ಲ. ಹ್ಯಾರಿಸ್ ಅಷ್ಟರಲ್ಲಿ 1985ರ ಬೇರೆ ಕೊಲೆಯೊಂದಕ್ಕೆ ಮರಣದಂಡನೆಯ ಸಾಲಿನಲ್ಲಿದ್ದ. 2004ರಲ್ಲಿ ಅವನಿಗೆ ಶಿಕ್ಷೆ ಜಾರಿಯಾಯಿತು. ಮೊದಲೇ ಸರಿಯಾದವನನ್ನು ಹಿಡಿದಿದ್ದರೆ ಆ ಎರಡನೇ ಜೀವ ಉಳೀತಿತ್ತು.

ಡಲ್ಲಾಸ್_ಕನ್ನಡಿಗ
ಇಲ್ಲಿ ಬಂದು ನೆಲೆಸಿ ತುಂಬಾ ಕಾಲವಾಯ್ತು. ನನ್ನ ಕಚೇರಿಯ ಹಳೇ ತಲೆಗಳಿಗೆ ಈ ಕೇಸು ಚೆನ್ನಾಗಿ ನೆನಪಿದೆ. ಆದರೆ ಯಾರೂ ಹೇಳದ ಒಂದು ವಿಷಯ ಸೇರಿಸ್ತೀನಿ. ಹೊರಬಂದ ಮೇಲೆ ಆಡಮ್ಸ್‌ಗೂ ಮಾರಿಸ್‌ಗೂ ಜಟಾಪಟಿಯಾಯಿತು. ತನ್ನ ಜೀವನದ ಕಥೆಯ ಹಕ್ಕು ವಾಪಸ್ ಕೊಡಿ ಅಂತ ಆಡಮ್ಸ್ ವಕೀಲರನ್ನು ಇಟ್ಟ. ಕೋರ್ಟಿನ ಹೊರಗೇ ಇತ್ಯರ್ಥವಾಗಿ ಹಕ್ಕು ಅವನಿಗೆ ಹೋಯಿತು. ಗಲ್ಲಿನಿಂದ ಉಳಿಸಿದವರ ಮೇಲೇ ಕೇಸಾ ಅಂತ ಆಗ ಬೈದವರು ಬಹಳ. ನನಗೆ ಹಾಗನಿಸಲ್ಲ. ಹನ್ನೆರಡು ವರ್ಷ ಪ್ರತಿಯೊಂದನ್ನೂ ಬೇರೆಯವರೇ ತೀರ್ಮಾನಿಸಿದ ಮನುಷ್ಯ, ತನ್ನ ಕಥೆಯಾದರೂ ತನ್ನದಾಗಿರಲಿ ಅಂದರೆ ತಪ್ಪೇನು? ಆತ 2010ರಲ್ಲಿ ತೀರಿಕೊಂಡ.

ಹಿತ್ತಲಗಿಡ
ಎಡಿಟ್ ಅವರೇ, ನೀವು ಹೇಳಿದ ಮೇಲೆ ಮತ್ತೆ ಹಾಕಿ ನೋಡಿದೆ. ಹೌದು, ಕಾರೊಳಗಿನ ತಲೆಗಳು ಬದಲಾಗ್ತವೆ. ಸರಿ, ಈ ಮನುಷ್ಯ ಮೊದಲು ಏನು ಮಾಡ್ತಿದ್ದ? ಕಡತ ಕೆದಕುವ ಚಾಳಿ ಎಲ್ಲಿಂದ ಬಂತು?

ಸಿನಿಮಾ_ಪುಟ್ಟಿ
ಪತ್ತೇದಾರ ಆಗಿದ್ರು! ತಮಾಷೆ ಅಲ್ಲ. ಸಿನಿಮಾಗೆ ದುಡ್ಡು ಹುಟ್ಟದೇ ಇದ್ದ ಕಾಲದಲ್ಲಿ ಖಾಸಗಿ ಪತ್ತೇದಾರನಾಗಿ ಹೊಟ್ಟೆ ಹೊರೆದವರು.

ಹುಟ್ಟಿದ್ದು 1948, ನ್ಯೂಯಾರ್ಕ್ ರಾಜ್ಯ. ವಿಸ್ಕಾನ್ಸಿನ್‌ನಲ್ಲಿ ಇತಿಹಾಸ ಓದಿ, ಪ್ರಿನ್ಸ್‌ಟನ್‌ನಲ್ಲಿ ವಿಜ್ಞಾನದ ಇತಿಹಾಸಕ್ಕೆ ಸೇರಿದರು. ಅಲ್ಲಿ ಗುರು ಥಾಮಸ್ ಕೂನ್, ಆ ವಿಷಯದಲ್ಲಿ ದೊಡ್ಡ ಹೆಸರು. ಒಂದು ದಿನ ವಾದ ಜೋರಾಗಿ ಕೂನ್ ಸಿಗರೇಟು ತುಂಬಿದ ಆಶ್‌ಟ್ರೇಯನ್ನೇ ಎಸೆದರಂತೆ. ಇದು ಮಾರಿಸ್ ಹೇಳುವ ಕಥೆ. ಅದರ ಮೇಲೆ 2018ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಸಿಟ್ಟು ಬಹಳ ದಿನ ಇಟ್ಟುಕೊಳ್ಳೋ ಆಸಾಮಿ. ಜಗಳದ ವಿಷಯ ಮುಖ್ಯ: ನಿಜ ಅನ್ನೋದು ಒಂದಿದೆಯಾ, ಅಥವಾ ಅವರವರ ಕಾಲಕ್ಕೆ ಅವರವರ ನಿಜವಾ? ಒಂದಿದೆ ಅನ್ನೋದು ಮಾರಿಸ್ ಹಟ. ಪೊಲೀಸನಿಗೆ ಗುಂಡು ಹೊಡೆದವನು ಒಬ್ಬನೇ, ಅದು ನೋಡುವವರನ್ನು ಅವಲಂಬಿಸಿ ಬದಲಾಗಲ್ಲ ಅಂತಾರೆ.

ಪ್ರಿನ್ಸ್‌ಟನ್ ಬಿಟ್ಟು ಬರ್ಕ್‌ಲಿಗೆ ಬಂದು, ಅಲ್ಲಿನ ಚಿತ್ರ ಭಂಡಾರದಲ್ಲಿ ಸಿನಿಮಾ ನೋಡ್ತಾ ಕೂತರು. 1978ರಲ್ಲಿ ಮೊದಲ ಚಿತ್ರ ‘ಗೇಟ್ಸ್ ಆಫ್ ಹೆವೆನ್’. ಕ್ಯಾಲಿಫೋರ್ನಿಯಾದಲ್ಲಿ ಸಾಕುಪ್ರಾಣಿಗಳ ಶ್ಮಶಾನ ಒಂದು ಮುಚ್ಚಿಹೋಗಿ, ಹೂತಿದ್ದ ನಾಯಿ ಬೆಕ್ಕುಗಳನ್ನೆಲ್ಲ ಅಗೆದು ನಾಪಾ ಕಡೆಯ ಇನ್ನೊಂದು ಶ್ಮಶಾನಕ್ಕೆ ಸಾಗಿಸಿದ ಕಥೆ. ಜರ್ಮನ್ ನಿರ್ದೇಶಕ ವರ್ನರ್ ಹೆರ್ಝಾಗ್ ‘ನೀನು ಈ ಚಿತ್ರ ಮುಗಿಸಿದರೆ ನನ್ನ ಬೂಟು ತಿಂತೀನಿ’ ಅಂದಿದ್ದರು. ಮಾತಿಗೆ ತಪ್ಪಲಿಲ್ಲ. ಬೆಳ್ಳುಳ್ಳಿ, ಸೊಪ್ಪು ಹಾಕಿ ಬೇಯಿಸಿ ಬರ್ಕ್‌ಲಿಯಲ್ಲಿ ಜನರ ಮುಂದೆ ತಿಂದರು. ಅದನ್ನೂ ಒಬ್ಬರು ಕಿರುಚಿತ್ರ ಮಾಡಿದ್ದಾರೆ.

ಶರಾವತಿ
ಬೂಟು ತಿಂದರಾ?! ಇವರ ಸಹವಾಸ ಬೇಡಪ್ಪ.

ಎಡಿಟ್_ರೂಮಿನವ
ಎರಡನೇ ಚಿತ್ರದ ಕಥೆ ಇದಕ್ಕಿಂತ ವಿಚಿತ್ರ. ಫ್ಲಾರಿಡಾದ ವರ್ನನ್ ಅನ್ನುವ ಊರಲ್ಲಿ ವಿಮೆ ದುಡ್ಡಿಗಾಗಿ ಜನ ತಮ್ಮ ಕೈಕಾಲನ್ನೇ ತೆಗೆಸಿಕೊಳ್ತಿದ್ದರು ಅನ್ನುವ ಸುದ್ದಿ ಕೇಳಿ ಮಾರಿಸ್ ಹೋದರು. ಅದನ್ನು ಕೆದಕಿದರೆ ಜೀವ ತೆಗೀತೀವಿ ಅಂತ ಬೆದರಿಕೆ ಬಂತು. ಆ ವಿಷಯ ಕೈಬಿಟ್ಟು, ಅದೇ ಊರಿನ ಜನರನ್ನು ಸುಮ್ನೆ ಮಾತಾಡಿಸಿದರು. 1981ರ ‘ವರ್ನನ್, ಫ್ಲಾರಿಡಾ’. ಟರ್ಕಿ ಕೋಳಿ ಬೇಟೆಯ ಹುಚ್ಚಿನವನೊಬ್ಬ. ಬಾಟಲಿಯಲ್ಲಿ ತಂದಿಟ್ಟ ಮರಳು ವರ್ಷ ವರ್ಷ ಬೆಳೀತಿದೆ ಅಂತ ಗಂಭೀರವಾಗಿ ನಂಬಿರುವ ಮುದಿ ದಂಪತಿ. ಮಾರಿಸ್ ಎಲ್ಲೂ ನಗಲ್ಲ, ತಿದ್ದಲ್ಲ. ಕ್ಯಾಮೆರಾ ಅಲುಗಾಡಲ್ಲ. ಮಾತಾಡೋಕೆ ಬಿಟ್ಟು ಕಾಯ್ತಾರೆ. ಆ ಎರಡು ಚಿತ್ರಗಳಿಂದ ಹೆಸರು ಬಂತು, ಹಣ ಬರಲಿಲ್ಲ.

ಕಾಯೋದೇ ಅವರ ಕಸುಬು. ಸುಮ್ಮನಿದ್ದರೆ ಎದುರಿನವರು ತಾವಾಗಿಯೇ ಹೇಳಬಾರದ್ದನ್ನೂ ಹೇಳ್ತಾರೆ ಅನ್ನೋ ನಂಬಿಕೆ. ಮುಂದೆ ಇದಕ್ಕೊಂದು ಯಂತ್ರವನ್ನೇ ಮಾಡಿಕೊಂಡರು, ಇಂಟರೋಟ್ರಾನ್. ಸುದ್ದಿ ಓದುವವರ ಕ್ಯಾಮೆರಾ ಮುಂದೆ ಅಕ್ಷರ ಓಡುವ ಗಾಜು ಇರುತ್ತಲ್ಲ, ಅಂಥವೇ ಎರಡು. ಅಕ್ಷರದ ಬದಲು ಗಾಜಿನ ಮೇಲೆ ಮಾರಿಸ್ ಮುಖ ಬರುತ್ತೆ. ಎದುರಿನವರು ಆ ಮುಖ ನೋಡಿ ಮಾತಾಡ್ತಾರೆ, ಹಿಂದೆಯೇ ಲೆನ್ಸ್. ಹಾಗಾಗಿ ಅವರ ಕಣ್ಣು ನೇರ ನಮ್ಮ ಕಣ್ಣಿಗೇ ಸಿಗುತ್ತೆ. ಮಾಮೂಲಿ ಸಂದರ್ಶನದಲ್ಲಿ ಅತಿಥಿ ಪಕ್ಕಕ್ಕೆ ನೋಡ್ತಾ ಇರ್ತಾರೆ, ನಾವು ಕದ್ದು ಕೇಳಿಸಿಕೊಂಡ ಹಾಗಿರುತ್ತೆ. ಇಲ್ಲಿ ತಪ್ಪಿಸಿಕೊಳ್ಳೋಕೆ ಜಾಗವಿಲ್ಲ, ಅವರಿಗೂ, ನಮಗೂ.

ಡಲ್ಲಾಸ್_ಕನ್ನಡಿಗ
ಆ ಯಂತ್ರದ ಪೂರಾ ತಾಕತ್ತು ನೋಡಬೇಕಂದರೆ ‘ದಿ ಫಾಗ್ ಆಫ್ ವಾರ್’ ನೋಡಿ. ವಿಯೆಟ್ನಾಂ ಯುದ್ಧದ ಕಾಲದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರಾ, ಎಂಬತ್ತೈದರ ವಯಸ್ಸಿನಲ್ಲಿ. 1945ರಲ್ಲಿ ಒಂದೇ ರಾತ್ರಿ ಟೋಕಿಯೋದಲ್ಲಿ ಲಕ್ಷ ಜನರನ್ನು ಸುಟ್ಟ ಬಗ್ಗೆ ಮಾತಾಡ್ತಾ, ನಾವು ಸೋತಿದ್ದರೆ ನಮ್ಮನ್ನು ಯುದ್ಧಾಪರಾಧಿಗಳು ಅಂತ ವಿಚಾರಣೆ ಮಾಡ್ತಿದ್ದರು ಅನ್ನುವ ಅರ್ಥದ ಮಾತಾಡ್ತಾರೆ. ವಿಮಾನದಿಂದ ಬಾಂಬಿನ ಬದಲು ಅಂಕಿಗಳು ಉದುರುವ ಒಂದು ದೃಶ್ಯ ಇದೆ. ಲೆಕ್ಕದ ಮನುಷ್ಯನ ಯುದ್ಧ ಅಂದರೆ ಹಾಗೇ. 2004ರಲ್ಲಿ ಆಸ್ಕರ್ ಇದಕ್ಕೇ ಬಂತು. ಮೊಂಡು ಅವರೇ, ನೀವು ನೆಚ್ಚಿದ ಆಸ್ಕರ್‌ನವರು ಕೊನೆಗೂ ಕೊಟ್ಟರು.

ಮೊಂಡುವಾದಿ
ಕೊಟ್ಟರು, ಬಿಡಿ. ಮರುಸೃಷ್ಟಿ ವಿಚಾರದಲ್ಲಿ ಎಡಿಟ್ ಅವರ ಮಾತು ಒಪ್ಪಿದೆ. ಆದರೆ ನನ್ನ ನಿಜವಾದ ತಕರಾರು ಬೇರೆ. ಆಮೇಲೆ ಏನಾಯಿತು ಈ ಪತ್ತೇದಾರನಿಗೆ? 2013ರ ‘ದಿ ಅನ್‌ನೋನ್ ನೋನ್’ನಲ್ಲಿ ಇರಾಕ್ ಯುದ್ಧದ ಕಾಲದ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್‌ನನ್ನು ಕೂರಿಸಿಕೊಂಡರು. ಆಸಾಮಿ ಮೊದಲಿನಿಂದ ಕೊನೆವರೆಗೆ ಹಲ್ಲು ಕಿರಿದು, ಪದಗಳ ಜೊತೆ ಆಟ ಆಡಿ ಎದ್ದು ಹೋದ. ಒಂದು ಗೀರೂ ಬೀಳಲಿಲ್ಲ. 2018ರಲ್ಲಿ ‘ಅಮೆರಿಕನ್ ಧರ್ಮ’, ಟ್ರಂಪ್ ಸಲಹೆಗಾರನಾಗಿದ್ದ ಸ್ಟೀವ್ ಬ್ಯಾನನ್. ಅವನಿಗೆ ಇಷ್ಟವಾದ ಹಳೇ ಸಿನಿಮಾದ ಸೆಟ್ ಹಾಕಿಕೊಟ್ಟು ಮಾತಾಡಿಸಿದರು. ಅದು ವಿಚಾರಣೆಯಾ, ಆತಿಥ್ಯವಾ? ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಆದ ಮೇಲೆ ಅಮೆರಿಕದಲ್ಲಿ ಹಂಚಿಕೆದಾರರು ಸಿಗೋದೇ ಕಷ್ಟವಾಯಿತು. ಇರಾಕಿನಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ ಅಬು ಘ್ರೈಬ್ ಜೈಲಿನ ಚಿತ್ರದಲ್ಲಿ ಕೆಲವರಿಗೆ ದುಡ್ಡು ಕೊಟ್ಟು ಮಾತಾಡಿಸಿದ್ದನ್ನೂ ಅವರೇ ಒಪ್ಪಿಕೊಂಡಿದ್ದಾರೆ.

ಎಡಿಟ್_ರೂಮಿನವ
ದುಡ್ಡಿನ ವಿಷಯ ನನಗೂ ಇಷ್ಟವಾಗಲಿಲ್ಲ. ಕೊಟ್ಟಿದ್ದನ್ನು ಚಿತ್ರದಲ್ಲೇ ಹೇಳಿದ್ದರೆ ಮುಗೀತಿತ್ತು. ರಮ್ಸ್‌ಫೆಲ್ಡ್ ಚಿತ್ರ ಮಾತ್ರ ಸೋಲು ಅಂತ ನನಗನ್ನಿಸಲ್ಲ. ಆ ನಗುವನ್ನೇ ಅವರು ತೋರಿಸಿದ್ದು. ಒಳಗೆ ಏನೂ ಇಲ್ಲದ ಮನುಷ್ಯನನ್ನು ಕೆದಕಿದರೆ ಏನು ಬರಬೇಕು?

ಕರಿಕೋಟು
ನಾನು ಇಲ್ಲಿ ಮೊಂಡು ಅವರ ಕಡೆ. ಕಾರಣ ನಮ್ಮ ಕಸುಬಿನದ್ದು. ಆಡಮ್ಸ್ ಕೇಸಿನಲ್ಲಿ ಮಾರಿಸ್ ಗೆದ್ದದ್ದು ಚೆಂದದ ಪ್ರಶ್ನೆ ಕೇಳಿ ಅಲ್ಲ. ಸಾಕ್ಷಿಗಳು ಹಲವರಿದ್ದರು. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಡಿಕ್ಕಿ ಹೊಡೀತು. ಸುಳ್ಳು ಕಂಡಿದ್ದು ಅಲ್ಲಿ. ಒಬ್ಬನನ್ನೇ ಕೂರಿಸಿ ಎಷ್ಟು ಗಂಟೆ ಕಾದರೂ, ಮಾತು ಬಲ್ಲವನಾದರೆ ಅವನದೇ ಆಟ. ಮೆಕ್‌ನಮಾರಾಗೆ ಒಳಗೊಳಗೇ ಕೊರೀತಿತ್ತು, ಅದಕ್ಕೇ ಚಿತ್ರ ನಿಂತಿತು. ರಮ್ಸ್‌ಫೆಲ್ಡ್‌ಗೆ ಕೊರೀತಿರಲಿಲ್ಲ.

ಇದು ಮಾರಿಸ್‌ಗೆ ಗೊತ್ತಿರಲಿಲ್ಲ ಅಂತಲ್ಲ. 1999ರ ‘ಮಿಸ್ಟರ್ ಡೆತ್’ ನೆನಪಿಸಿಕೊಳ್ಳಿ. ಫ್ರೆಡ್ ಲ್ಯೂಕ್ಟರ್, ಜೈಲುಗಳಿಗೆ ವಿದ್ಯುತ್ ಕುರ್ಚಿ ರಿಪೇರಿ ಮಾಡಿಕೊಡ್ತಿದ್ದವನು. ಯಹೂದಿಗಳ ನರಮೇಧ ನಡೆದೇ ಇಲ್ಲ ಅನ್ನುವವರ ಪರ ನಿಂತು, ನಾಜಿಗಳ ಆಶ್ವಿಟ್ಸ್ ಶಿಬಿರಕ್ಕೆ ಹೋಗಿ ಗೋಡೆಯ ಚೂರು ಕೆತ್ತಿ ತಂದು, ವಿಷಾನಿಲವೇ ಇರಲಿಲ್ಲ ಅಂತ ವರದಿ ಬರೆದ. ಮಾರಿಸ್ ಮೊದಲ ಪ್ರತಿಯಲ್ಲಿ ಇವನೊಬ್ಬನ ಮಾತೇ ಇಟ್ಟಿದ್ದರು. ಇಷ್ಟು ಮೂರ್ಖತನ ಯಾರಿಗಾದರೂ ಕಾಣುತ್ತೆ ಬಿಡು ಅಂತ. ಹಾರ್ವರ್ಡ್‌ನಲ್ಲಿ ತೋರಿಸಿದಾಗ ಕೆಲವು ವಿದ್ಯಾರ್ಥಿಗಳು ಅವನ ಮಾತನ್ನು ನಂಬಿಬಿಟ್ಟರು. ಇನ್ನು ಕೆಲವರು ಮಾರಿಸ್ಸೇ ಅದನ್ನು ನಂಬಿದ್ದಾರೆ ಅಂದುಕೊಂಡರು! ಆಮೇಲೆ ಇತಿಹಾಸಕಾರರನ್ನೂ, ಆ ಚೂರುಗಳನ್ನು ಪರೀಕ್ಷೆ ಮಾಡಿದ ರಸಾಯನಶಾಸ್ತ್ರದವರನ್ನೂ ಕರೆಸಿ ಸೇರಿಸಿದರು. ಇಷ್ಟಾದ ಮೇಲೂ ಬ್ಯಾನನ್ ಎದುರು ಒಬ್ಬರೇ ಕೂತರಲ್ಲ, ಅದು ನನಗೆ ಅರ್ಥವಾಗಲ್ಲ.

ಸಿನಿಮಾ_ಪುಟ್ಟಿ
ಕೋಟು ಸಾರ್, ಬ್ಯಾನನ್ ವಿಷಯ ನಿಮ್ಮದು ಸರಿ. ಆದರೆ ಎಲ್ಲ ಚಿತ್ರವೂ ಕೋರ್ಟ್ ಆಗಬೇಕಾ? 1997ರ ‘ಫಾಸ್ಟ್, ಚೀಪ್ ಆ್ಯಂಡ್ ಔಟ್ ಆಫ್ ಕಂಟ್ರೋಲ್’ ನೋಡಿ. ಸಿಂಹ ಪಳಗಿಸುವವನು, ಗಿಡಗಳನ್ನು ಪ್ರಾಣಿಗಳ ಆಕಾರಕ್ಕೆ ಕತ್ತರಿಸುವ ಮಾಲಿ, ಕೂದಲಿಲ್ಲದ ಬಿಲ ಇಲಿಗಳ ಹಿಂದೆ ಬಿದ್ದ ಪಂಡಿತ, ರೋಬೋ ಮಾಡುವ ವಿಜ್ಞಾನಿ. ನಾಲ್ವರಿಗೂ ಒಂದಕ್ಕೊಂದು ಸಂಬಂಧವಿಲ್ಲ. ಒಬ್ಬನ ಮಾತಿನ ಮೇಲೆ ಇನ್ನೊಬ್ಬನ ಚಿತ್ರ ಓಡುತ್ತೆ. ಯಾರ ತಪ್ಪೂ ಹುಡುಕಬೇಕಿಲ್ಲ. ಅವರ ಚಿತ್ರಗಳಲ್ಲಿ ನನಗೆ ಅತಿ ಇಷ್ಟ ಇದೇ.

ಹಿತ್ತಲಗಿಡ
ಇಷ್ಟೆಲ್ಲಾ ಮಾಡೋಕೆ ದುಡ್ಡು? ಸಾಕ್ಷ್ಯಚಿತ್ರ ಮಾಡಿ ಬದುಕಬಹುದಾ?

ಎಡಿಟ್_ರೂಮಿನವ
ಜಾಹೀರಾತು ಗುರು. ಬಿಯರಿನಿಂದ ಹಿಡಿದು ಆ್ಯಪಲ್‌ವರೆಗೆ ರಾಶಿ ರಾಶಿ ಜಾಹೀರಾತು ಮಾಡಿದ್ದಾರೆ. ವಿಂಡೋಸ್ ಬಿಟ್ಟು ಬಂದವರು ಬಿಳಿ ಹಿನ್ನೆಲೆ ಮುಂದೆ ನಿಂತು ಕ್ಯಾಮೆರಾ ನೋಡಿ ಮಾತಾಡುವ 2002ರ ಆ್ಯಪಲ್ ಜಾಹೀರಾತುಗಳು ಇವರವೇ. 1989ರಲ್ಲಿ ಪ್ರತಿಭಾವಂತರಿಗೆ ದುಡ್ಡು ಕೊಡುವ ಮೆಕಾರ್ಥರ್ ಫೆಲೋಶಿಪ್ ಕೂಡ ಸಿಕ್ಕಿತ್ತು. ನಮ್ಮ ಕಡೆ ಮದುವೆ ವಿಡಿಯೋ ಮಾಡಿ ಕಿರುಚಿತ್ರಕ್ಕೆ ಸುರಿಯುವ ಹುಡುಗರನ್ನು ನೋಡಿದ್ದೀನಿ, ಲೆಕ್ಕ ಒಂದೇ, ಸೊನ್ನೆಗಳು ಜಾಸ್ತಿ.

ಡಲ್ಲಾಸ್_ಕನ್ನಡಿಗ
ನೋಡುವ ಸರದಿ ಕೇಳಿದ್ದಿರಿ. ‘ಥಿನ್ ಬ್ಲೂ ಲೈನ್’ ಆಯ್ತಲ್ಲ, ಮುಂದೆ ‘ಫಾಗ್ ಆಫ್ ವಾರ್’. ಆಮೇಲೆ ‘ಮಿಸ್ಟರ್ ಡೆತ್’. ಸಮಯವಿದ್ದರೆ 2017ರ ‘ವರ್ಮ್‌ವುಡ್’, ನೆಟ್‌ಫ್ಲಿಕ್ಸ್‌ಗೆ ಮಾಡಿದ ಸರಣಿ. 1953ರಲ್ಲಿ ಹೋಟೆಲ್ ಕಿಟಕಿಯಿಂದ ಬಿದ್ದು ಸತ್ತ ಸೇನಾ ವಿಜ್ಞಾನಿಯ ಮಗ ಜೀವಮಾನವಿಡೀ ಸಿಐಎ ಹಿಂದೆ ಬಿದ್ದ ಕಥೆ. ಅದರಲ್ಲಿ ನಟರ ಭಾಗ ವಿಪರೀತ ಜಾಸ್ತಿ. ಮೊಂಡು ಅವರಿಗೆ ಬಿಪಿ ಏರುತ್ತೆ.

ಮೊಂಡುವಾದಿ
ಈಗಾಗಲೇ ನೋಡಿದ್ದೀನಿ, ಏರಿಯೂ ಆಗಿದೆ. ಅಲ್ಲಿ ಮರುಸೃಷ್ಟಿ ಬದಲಾಗಲ್ಲ, ಒಂದೇ ಕಥೆಯನ್ನು ಗಟ್ಟಿ ಮಾಡ್ತಾ ಹೋಗುತ್ತೆ. ಎಡಿಟ್ ಅವರು ಹೇಳಿದ ಅಳತೆಗೋಲಿನಿಂದಲೇ ಅಳೆಯಿರಿ.

ಎಡಿಟ್_ರೂಮಿನವ
ಸಿಕ್ಕಿಹಾಕಿಸಿಬಿಟ್ಟಿರಿ. ವಾರಾಂತ್ಯದಲ್ಲಿ ಮತ್ತೊಮ್ಮೆ ನೋಡಿ ಉತ್ತರ ಕೊಡ್ತೀನಿ.

ಶರಾವತಿ
ನೀವೆಲ್ಲ ಜಗಳ ಆಡ್ತಿರುವಾಗ ನಾನು ಆ ನಾಯಿ ಶ್ಮಶಾನದ್ದನ್ನೇ ಹಾಕಿಕೊಂಡೆ. ಅರ್ಧ ಆಗಿದೆ. ಬಾಗಿಲ ಬಳಿ ಕೂತು ಒಬ್ಬ ಅಜ್ಜಿ ಮಗನ ಬಗ್ಗೆ ಮಾತಾಡ್ತಾನೇ ಇದ್ದಾರೆ. ಒಂದು ಮಾತು ಹೇಳ್ತಾರೆ, ಮುಂದಿನ ಮಾತಿನಲ್ಲೇ ಅದನ್ನು ಅಲ್ಲಗಳೀತಾರೆ. ಥೇಟ್ ನಮ್ಮ ಪಕ್ಕದ ಮನೆಯವರು. ಇವರಿಗೂ ಶ್ಮಶಾನಕ್ಕೂ ಏನು ಸಂಬಂಧ?

ಸಿನಿಮಾ_ಪುಟ್ಟಿ
ಏನೂ ಇಲ್ಲ ಅಕ್ಕ. ಪೂರ್ತಿ ಕೇಳಿ, ಎದ್ದು ಹೋಗಬೇಡಿ.